ತೊರೆಯಂತೆ ಕೆರೆ

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಅಸಿಂಟ್ ಸೀಮೆಯಲ್ಲಿ, ರಸ್ತೆಯಿಂದ ಎರಡು ಗಂಟೆಯ ನಡಿಗೆಯಷ್ಟು ಒಳಗೆ, ಒಂದೇ ದಿಬ್ಬದ ಈ ಮಗ್ಗುಲಿಗೊಂದು ಆ ಮಗ್ಗುಲಿಗೊಂದು ಎರಡು ಸಣ್ಣ ಸರೋವರಗಳಿವೆ. ಎರಡರ ತಳದಲ್ಲಿರುವುದೂ ಒಂದೇ ಕಲ್ಲು, ಎರಡರ ಮೇಲೆ ಸುರಿಯುವುದೂ ಒಂದೇ ಮಳೆ. ಆದರೂ ಮೊದಲನೆಯದರಲ್ಲಿ ಗಾಳಿ ಹದವಾಗಿದ್ದರೆ ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಮೀನು ಗಾಳಕ್ಕೆ ಬೀಳುತ್ತವೆ. ಒಂದಾದರೂ ಗೇಣುದ್ದವನ್ನು ಮೀರಿದ್ದನ್ನು ನಾನು ನೋಡಿಲ್ಲ. ಎರಡನೆಯದರ ದಡದಲ್ಲಿ ಐದು ವರ್ಷಗಳಲ್ಲಿ ಹದಿನಾಲ್ಕು ದಿನ ನಿಂತಿದ್ದೇನೆ, ಒಟ್ಟು ಮೂರು ಮೀನು ಸಿಕ್ಕಿವೆ, ಮೂರೂ ಹೆಚ್ಚುಕಡಿಮೆ ಮೊಳದುದ್ದದವು. ಇದರ ಕಾರಣ ತಿಳಿಯುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು, ಏಕೆಂದರೆ ಅಷ್ಟು ದಿನವೂ ನಾನು ನಿಂತ ನೀರನ್ನೇ ದಿಟ್ಟಿಸುತ್ತಿದ್ದೆ.

ಆ ಎರಡರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಾಳ ಹಾಕುವವರು ಜಾಗದ ವಿಷಯದಲ್ಲಿ ಜಿಪುಣರೆಂಬ ಮಾತಿದೆ, ನಾನೂ ಅದಕ್ಕೆ ಹೊರತಲ್ಲ. ಹೆಸರು ಹೇಳಿದರೂ ಹೆಚ್ಚು ಪ್ರಯೋಜನವಾಗಲಾರದು. ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್‌ನ ನಕಾಶೆಯಲ್ಲಿ ‘ಲಾಖನ್ ನಮ್ ಬ್ರೆಹ್ಕ್’ ಎಂಬ ಹೆಸರು ಒಂದೆರಡು ಕಡೆಯಲ್ಲ, ಹಲವು ಕಡೆ ಕಾಣಿಸುತ್ತದೆ. ಗೇಲಿಕ್ ಭಾಷೆಯಲ್ಲಿ ಬ್ರೆಹ್ಕ್ ಎಂದರೆ ಚುಕ್ಕೆಚುಕ್ಕೆಯಾದದ್ದು, ಅದೇ ಶಬ್ದ ಟ್ರೌಟ್ ಮೀನಿನ ಹೆಸರೂ ಹೌದು. ಲಾಖ್ ಎಂದರೆ ಸರೋವರ, ಲಾಖನ್ ಎಂದರೆ ಮರಿ ಸರೋವರ. ನಾನು ಮಾತ್ರ ಮನಸ್ಸಿನಲ್ಲಿ ಇವನ್ನು ಕೆರೆಗಳೆಂದೇ ಕರೆಯುತ್ತೇನೆ, ಅದು ತಪ್ಪೆಂದು ಗೊತ್ತಿದ್ದೂ. ಕೆರೆಯೆಂದ ಮೇಲೆ ಯಾರೋ ಕಟ್ಟಿಸಿರಬೇಕು, ಅದಕ್ಕೊಂದು ಏರಿ, ತೂಬು, ಕೋಡಿ ಇರಬೇಕು. ಇವನ್ನು ಕೊರೆದದ್ದು ಹಿಮಯುಗದ ನೀರ್ಗಲ್ಲು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಆ ಗಡ್ಡೆ ಕರಗಿ ಹಿಂದೆ ಸರಿದಾಗ ಬಂಡೆಯಲ್ಲಿ ಉಳಿದ ಗುಳಿಗಳಲ್ಲಿ ನೀರು ನಿಂತಿತು. ಸಮುದ್ರದಲ್ಲಿದ್ದ ಟ್ರೌಟ್ ಮೀನುಗಳು ಹೊಸದಾಗಿ ಹುಟ್ಟಿದ ಹೊಳೆಗಳನ್ನು ಹತ್ತಿ ಒಳಗೆ ಬಂದು ಅಲ್ಲಿಯೇ ನೆಲೆಸಿದವು.

ಅಸಿಂಟ್‌ನ ಕಲ್ಲಿಗೆ ಲೂಯಿಸಿಯನ್ ನೈಸ್ ಎಂದು ಹೆಸರು, ಅದರ ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಈ ಬೂದುಗಲ್ಲಿನ ಉಬ್ಬುತಗ್ಗಿನ ಹಾಸಿನ ಮೇಲೆ 731 ಮೀಟರ್ ಎತ್ತರದ ಸೂಲ್ವೆನ್ ಬೆಟ್ಟ ಮಗುಚಿಟ್ಟ ದೋಣಿಯಂತೆ ಒಂಟಿಯಾಗಿ ನಿಂತಿದೆ. ನೋಡಲು ಚೆಂದವಾದರೂ ಆ ಕಲ್ಲು ನೀರಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಸುಣ್ಣದ ಅಂಶವಿಲ್ಲ, ಗೊಬ್ಬರವಿಲ್ಲ, ಮೇಲಿನಿಂದ ಇಳಿಯುವುದು ಪೀಟ್ ಎಂಬ ಅರೆಕೊಳೆತ ಗಿಡಗಳ ಮಣ್ಣಿನ ಜವುಗಿನ ಹುಳಿ ನೀರು. ಹಾಲು ಹಾಕದ ಚಹಾದ ಬಣ್ಣದ ಆ ನೀರಿನಲ್ಲಿ ಬೆಳೆಯುವ ಹುಳುಹುಪ್ಪಟೆ ಬಹಳ ಕಡಿಮೆ. ಸಾಲದ್ದಕ್ಕೆ ವರ್ಷದಲ್ಲಿ ಆರು ತಿಂಗಳು ಚಳಿಯೇ. ಹೀಗಾಗಿ ಇಲ್ಲಿಯ ಕಂದು ಟ್ರೌಟ್ ಬಡವರ ಮನೆಯ ಮಗುವಿನಂತೆ ಬೆಳೆಯುತ್ತದೆ. ನಾಲ್ಕೈದು ವರ್ಷದ ಮೀನೂ ಕಾಲು ಕಿಲೋ ತೂಗದಿರಬಹುದು. ಒಂದು ಪೌಂಡಿಗೆ ಮೂರು ಎಂದು ಇಲ್ಲಿನವರು ಅವನ್ನು ಲೆಕ್ಕ ಹಾಕುತ್ತಾರೆ.

ನಾನು ಇನ್ವರ್ನೆಸ್‌ಗೆ ಬಂದು ಒಂಬತ್ತು ವರ್ಷವಾಯಿತು. ಹುಟ್ಟಿದ್ದು ತೀರ್ಥಹಳ್ಳಿಯ ಹತ್ತಿರ, ತುಂಗೆಯಿಂದ ಮೈಲಿ ದೂರದ ಗದ್ದೆಯ ಮನೆಯಲ್ಲಿ. ಮೀನಿನ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಎರಡು ಪಾಠಗಳಾಗುತ್ತವೆ. ಒಂದು ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲೋ ಶೃಂಗೇರಿಯ ಸ್ನಾನಘಟ್ಟದಲ್ಲೋ ನಡೆಯುವಂಥದ್ದು: ಹಿರಿಯರು ಮಂಡಕ್ಕಿಯ ಪೊಟ್ಟಣ ಕೈಗಿಡುತ್ತಾರೆ, ಎಸೆದ ಕೂಡಲೇ ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ, ಅವು ದೇವರ ಮೀನು, ಅವಕ್ಕೆ ಕೈ ಹಚ್ಚುವಂತಿಲ್ಲ. ಇನ್ನೊಂದು ಮೃಗಶಿರ ಮಳೆ ಹಿಡಿದ ರಾತ್ರಿಗಳಲ್ಲಿ ನಡೆಯುವಂಥದ್ದು. ಹೊಸ ನೀರು ಹಳ್ಳಕ್ಕೆ ಇಳಿಯುತ್ತಲೇ ಹೊಳೆಯ ಮೀನು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಹಳ್ಳ ಹತ್ತಿ ಗದ್ದೆಗಳವರೆಗೂ ಬರುತ್ತದೆ. ಅದನ್ನು ಹತ್ತುಮೀನು ಎನ್ನುತ್ತೇವೆ. ಅಜ್ಜಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಬಿದಿರಿನ ಕೂಣಿಯನ್ನು ಅಗಳಿನ ಬಾಯಿಗೆ ಒಡ್ಡುತ್ತಿದ್ದರು. ಬೆಳಿಗ್ಗೆ ಅದನ್ನು ಎತ್ತಿದಾಗ ಕೇಳಿಸುತ್ತಿದ್ದ ಪಟಪಟ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಮೀನಿನ ಹೊಟ್ಟೆಯ ತುಂಬ ಮೊಟ್ಟೆ. ಅದು ರುಚಿಯೆಂದೇ ನಾವು ಜಗಳವಾಡಿ ತಿನ್ನುತ್ತಿದ್ದೆವು.

ಫ್ಲೈ ಫಿಶಿಂಗ್ ಈ ಎರಡೂ ಪಾಠಗಳಿಗೆ ಸೇರದ ವಿದ್ಯೆ, ಅದನ್ನು ಕಲಿಯುವಾಗ ನನಗೆ ಹೆಚ್ಚು ಅಡ್ಡಿಯಾದದ್ದು ಊರಿನಲ್ಲಿ ಕಲಿತಿದ್ದ ಗಾಳವೇ. ನಮ್ಮ ಗಾಳದಲ್ಲಿ ಭಾರವಿರುವುದು ತುದಿಯಲ್ಲಿ. ಸೀಸದ ಗುಂಡೋ ಎರೆಹುಳುವೋ ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ತುದಿಯಲ್ಲಿರುವ ನೊಣಕ್ಕೆ ತೂಕವೇ ಇಲ್ಲ, ಸಣ್ಣ ಕೊಕ್ಕೆಗೆ ಸುತ್ತಿದ ಕೋಳಿಯ ಗರಿ, ಒಂದಿಷ್ಟು ಉಣ್ಣೆ, ಒಂದೆಳೆ ಬೆಳ್ಳಿಯ ತಂತಿ ಅಷ್ಟೇ. ಭಾರವಿರುವುದು ದಾರದಲ್ಲಿ. ಹತ್ತಡಿ ಉದ್ದದ ಕೋಲನ್ನು ಹಿಂದಕ್ಕೆ ಬೀಸಿದಾಗ ದಪ್ಪನೆಯ ಆ ದಾರ ಬೆನ್ನ ಹಿಂದೆ ಗಾಳಿಯಲ್ಲಿ ಬಿಚ್ಚಿಕೊಂಡು ನೆಟ್ಟಗಾಗಬೇಕು. ನೆಟ್ಟಗಾದ ಕ್ಷಣದಲ್ಲಿ ಅದು ಕೋಲನ್ನು ಬಗ್ಗಿಸುತ್ತದೆ, ಆ ಬಾಗಿನ ಬಲದಿಂದಲೇ ಮುಂದಕ್ಕೆ ಹೋಗುತ್ತದೆ. ತಾಳ್ಮೆಗೆಟ್ಟು ಮುಂಚೆಯೇ ಎಳೆದರೆ ಚಾಟಿ ಬೀಸಿದಂತೆ ಚಟ್ಟೆನ್ನುತ್ತದೆ, ಅಷ್ಟಕ್ಕೆ ಕಟ್ಟಿದ್ದ ನೊಣ ಕಳಚಿಹೋಗಿರುತ್ತದೆ. ತಡಮಾಡಿದರೆ ಹಿಂದಿನ ಹೆದರ್ ಪೊದೆಯನ್ನು ಹಿಡಿದುಕೊಳ್ಳುತ್ತದೆ. ಮೊದಲ ಬೇಸಿಗೆಯಲ್ಲಿ ನಾನು ಹಿಡಿದದ್ದು ಬಹುಪಾಲು ಹೆದರ್ ಪೊದೆಗಳನ್ನೇ.

ಕಲಿಸಿದವರು ನಮ್ಮ ಬೀದಿಯಲ್ಲಿಯೇ ಇದ್ದ ನಿವೃತ್ತ ಬಡಗಿಯೊಬ್ಬರು, ಎಪ್ಪತ್ತು ದಾಟಿದವರು, ಮಿತಭಾಷಿ. ಅವರು ಹೇಳಿಕೊಟ್ಟದ್ದರಲ್ಲಿ ಬೀಸುವ ಕ್ರಮಕ್ಕಿಂತ ನಡೆಯುವ ಕ್ರಮವೇ ಹೆಚ್ಚು. ಹೊಸಬರು ದಡಕ್ಕೆ ಬಂದ ಕೂಡಲೇ ಮೊಣಕಾಲಿನ ತನಕ ನೀರಿಗಿಳಿದು ಸರೋವರದ ನಡುಮಧ್ಯಕ್ಕೆ ಎಸೆಯಲು ಹೆಣಗುತ್ತಾರೆ, ಆದರೆ ಮೀನು ಇರುವುದು ಅವರು ಈಗಷ್ಟೇ ತುಳಿದ ಜಾಗದಲ್ಲಿ, ಆಹಾರ ಹೆಚ್ಚಾಗಿರುವ ಆಳವಿಲ್ಲದ ಅಂಚಿನಲ್ಲಿ. ನೀರಿನಿಂದ ನಾಲ್ಕು ಮಾರು ಹಿಂದೆಯೇ ನಿಂತು ಮೊದಲ ಎಸೆತವನ್ನು ದಡದ ಬದಿಗೇ ಹಾಕಬೇಕು. ಎರಡು ಮೂರು ಸಲ ಬೀಸಿ, ಎರಡು ಹೆಜ್ಜೆ ಮುಂದೆ ಹೋಗಿ, ಮತ್ತೆ ಬೀಸಬೇಕು. ಒಂದೇ ಕಡೆ ಕೊಕ್ಕರೆಯಂತೆ ನಿಲ್ಲುವುದು ಇಲ್ಲಿ ಕೆಲಸಕ್ಕೆ ಬಾರದು. ಟ್ರೌಟ್ ತನ್ನ ಗಡಿಯಲ್ಲಿ ಓಡಾಡುತ್ತಾ ಗಾಳಿಗೆ ಎದುರಾಗಿ ಮೇಯುವ ಮೀನು, ಅದು ನಮ್ಮ ಬಳಿಗೆ ಬರುವುದನ್ನು ಕಾಯುವುದಕ್ಕಿಂತ ನಾವೇ ಅದರ ದಾರಿಗೆ ಅಡ್ಡ ಹೋಗುವುದು ಮೇಲು.

ದಾರದ ತುದಿಯ ತೆಳು ನೈಲಾನಿಗೆ ಮೂರು ನೊಣ ಕಟ್ಟುವುದು ಸ್ಕಾಟ್ಲೆಂಡಿನ ಹಳೆಯ ಪದ್ಧತಿ. ಬ್ಲ್ಯಾಕ್ ಪೆನೆಲ್, ಜುಲು, ಸೋಲ್ಜರ್ ಪಾಮರ್, ಕೇಟ್ ಮಕ್ಲಾರೆನ್, ಹೀಗೆ ಒಂದೊಂದಕ್ಕೂ ಒಂದು ಹೆಸರು. ಇವುಗಳಲ್ಲಿ ಬಹಳಷ್ಟು ಯಾವ ನಿಜವಾದ ಕೀಟವನ್ನೂ ಹೋಲುವುದಿಲ್ಲ ಎಂಬುದು ನನಗೆ ಮೊದಲು ಬೇಸರದ ವಿಷಯವಾಗಿತ್ತು. ಮೋಸ ಮಾಡುವುದೇ ಆದರೆ ಸರಿಯಾಗಿ ಮಾಡಬೇಡವೇ ಎನ್ನಿಸುತ್ತಿತ್ತು. ಬಡ ನೀರಿನ ಮೀನಿಗೆ ಆಯ್ಕೆಯ ಸೌಭಾಗ್ಯವಿಲ್ಲ, ಜೀವವಿರುವಂತೆ ಅಲುಗಾಡಿದ್ದನ್ನೆಲ್ಲ ಅದು ಬಾಯಿಗೆ ಹಾಕಿ ನೋಡಬೇಕು ಎಂಬುದು ಆಮೇಲೆ ತಿಳಿಯಿತು. ಮೇಲಿನ ನೊಣವನ್ನು ಅಲೆಯ ತಲೆಯ ಮೇಲೆ ಕೆರೆಯುತ್ತಾ ಎಳೆದು, ಕೋಲನ್ನು ನಿಧಾನವಾಗಿ ಎತ್ತುತ್ತಾ, ಇನ್ನೇನು ನೀರಿನಿಂದ ತೆಗೆಯಬೇಕು ಎನ್ನುವಷ್ಟರಲ್ಲಿ ಒಂದು ಕ್ಷಣ ನಿಲ್ಲಿಸಬೇಕು. ಬಹಳ ಸಲ ಹೊಡೆತ ಬೀಳುವುದು ಆ ಕ್ಷಣದಲ್ಲಿಯೇ. ತಿಳಿನೀರಿನಲ್ಲಿ ಎಲ್ಲಿಂದಲೋ ಹಳದಿ ಮಿಂಚು ಹೊಳೆದಂತಾಗುತ್ತದೆ, ಕೈ ಎಚ್ಚರವಾಗುವ ಮುಂಚೆಯೇ ಗರಿಯ ರುಚಿ ನೋಡಿದ ಮೀನು ಅದನ್ನು ಉಗುಳಿ ಹೋಗಿರುತ್ತದೆ.

ನಿಜವಾದ ಕೀಟವನ್ನು ಹೋಲುವ ಕಟ್ಟು ಒಂದಿದೆ, ಬಿಬಿಯೊ ಎಂದು. ಆಗಸ್ಟ್ ತಿಂಗಳಲ್ಲಿ ಹೆದರ್ ಅರಳಿ ಗುಡ್ಡವೆಲ್ಲ ನೇರಳೆಯಾಗುವಾಗ ಹೆದರ್ ಫ್ಲೈ ಎಂಬ ಕಪ್ಪು ನೊಣ ಏಳುತ್ತದೆ, ಅದರ ತೊಡೆಗಳು ಮಾತ್ರ ಕೆಂಪು, ಹಾರುವಾಗ ಕಾಲುಗಳು ಕೆಳಗೆ ಜೋತಾಡುತ್ತವೆ. ಗಾಳಿ ಜೋರಾದ ದಿನ ಅವು ರಾಶಿರಾಶಿಯಾಗಿ ನೀರಿಗೆ ಬೀಳುತ್ತವೆ. ಬಿಬಿಯೊ ಎಂದರೆ ಕಪ್ಪು ಉಣ್ಣೆಯ ನಡುವೆ ಒಂದು ಸುತ್ತು ಕೆಂಪು, ಅಷ್ಟೇ. ಅಂಥ ಒಂದು ದಿನ ಸಿಕ್ಕಿದರೆ ವರ್ಷದ ನೂರು ಖಾಲಿ ಗಂಟೆಗಳು ಮರೆತುಹೋಗುತ್ತವೆ. ಗಾಳಿ ಇಲ್ಲದ ದಿನದ ಮಾತು ಬೇರೆ, ಆಗ ಏಳುವುದು ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಗಾಡು. ಅದರ ಬಗ್ಗೆ ಬರೆದರೂ ಮೈ ತುರಿಸುತ್ತದೆ, ಇಷ್ಟು ಸಾಕು.

ಕೈಗೆ ಬಂದ ಮೀನನ್ನು ಒದ್ದೆ ಕೈಯಲ್ಲಿ ನೀರಿನೊಳಗೇ ಹಿಡಿದು ನೋಡಬೇಕು. ಬೆನ್ನು ಪೀಟ್ ಮಣ್ಣಿನ ಕಂದು, ಪಕ್ಕೆ ಬೆಣ್ಣೆ ಕಾಯಿಸಿದ ಬಣ್ಣ, ಅದರ ಮೇಲೆ ಕರಿಯ ಚುಕ್ಕೆಗಳು, ನಡುನಡುವೆ ಬೆಳ್ಳಗಿನ ಉಂಗುರ ತೊಟ್ಟ ಕೆಂಪು ಚುಕ್ಕೆಗಳು. 1758ರಲ್ಲಿ ಲಿನಿಯಸ್ ಇದಕ್ಕೆ ಸಾಲ್ಮೊ ಟ್ರುಟ್ಟಾ ಎಂದು ಹೆಸರಿಟ್ಟ. ಮುಂದೆ ಪಂಡಿತರು ಬಣ್ಣ, ಗಾತ್ರಗಳ ವ್ಯತ್ಯಾಸ ನೋಡಿ ಬ್ರಿಟನ್ನಿನ ಟ್ರೌಟ್‌ಗಳನ್ನು ಬೇರೆಬೇರೆ ಜಾತಿಗಳೆಂದು ಹಂಚಿದ್ದೂ ಉಂಟು. ಈ ಗೊಂದಲಕ್ಕಾಗಿ ಅವರನ್ನು ದೂರುವುದು ಸರಿಯಲ್ಲ. ಒಂದೇ ದಿಬ್ಬದ ಎರಡು ಮಗ್ಗುಲಿನ ನನ್ನ ಎರಡು ಕೆರೆಗಳ ಮೀನನ್ನು ಅಕ್ಕಪಕ್ಕದಲ್ಲಿಟ್ಟರೆ ಅವು ಒಂದೇ ಕುಲದವೆಂದು ನಾನೂ ಒಪ್ಪುತ್ತಿರಲಿಲ್ಲ.

ಮೊದಲನೆಯ ಕೆರೆಯಿಂದ ವರ್ಷಕ್ಕೆ ಮೂರು ನಾಲ್ಕು ಬಾರಿ ಎರಡೆರಡು ಮೀನು ಮನೆಗೆ ತರುತ್ತೇನೆ. ಓಟ್ಸ್ ತರಿಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುವುದು ಇಲ್ಲಿನವರ ಕ್ರಮ. ನಮ್ಮ ಮನೆಯಲ್ಲಿ ಅರಿಶಿನ, ಖಾರದಪುಡಿ, ನಿಂಬೆರಸಗಳಿಗೇ ಮತ. ಮಿಕ್ಕವನ್ನೆಲ್ಲ ಬಿಟ್ಟುಬಿಡುತ್ತೇನೆ, ಕೊಕ್ಕೆಯ ಹಿಂಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟಮಾಡಿದ್ದರೆ ಬಿಡಿಸುವುದು ಕಷ್ಟವಲ್ಲ. ಹಿಡಿದು ಬಿಡುವುದು ದಯೆಯೋ ಆಟವೋ ಎಂದು ನನ್ನ ಅಮ್ಮ ಫೋನಿನಲ್ಲಿ ಕೇಳಿದ್ದಳು. ತಿನ್ನುವುದಕ್ಕೆ ಹಿಡಿದರೆ ಅರ್ಥವಾಗುತ್ತದೆ, ದೇವರದೆಂದು ಹಿಡಿಯದಿದ್ದರೂ ಅರ್ಥವಾಗುತ್ತದೆ, ನಿನ್ನದು ಯಾವುದು ಎಂದಳು. ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಎರಡು ಕೆರೆಗಳ ಒಗಟನ್ನು ಬಿಡಿಸಿದ್ದು ಬಡಗಿ ಮಾಸ್ತರರೇ. ದೊಡ್ಡ ಮೀನಿನ ಕೆರೆಯಲ್ಲಿ ಆಹಾರ ಹೆಚ್ಚಿರಬೇಕು ಎಂಬ ನನ್ನ ವಾದವನ್ನು ಕೇಳಿದ ಅವರು ಏನೂ ಹೇಳದೆ ಎದ್ದು, ಮೊದಲನೆಯ ಕೆರೆಗೆ ಸೇರುವ ತೊರೆಯ ಬಳಿಗೆ ನನ್ನನ್ನು ಕರೆದೊಯ್ದರು. ಒಂದು ಮಾರು ಅಗಲವೂ ಇಲ್ಲದ ತೊರೆ. ತಳದ ತುಂಬ ಅಡಿಕೆ ಗಾತ್ರದ ಬೆಣಚುಕಲ್ಲು, ಮೇಲೆ ತೆಳ್ಳಗೆ ಓಡುವ ನೀರು. ಆಮೇಲೆ ದಿಬ್ಬ ದಾಟಿಸಿ ಎರಡನೆಯದರ ತೊರೆಯನ್ನು ತೋರಿಸಿದರು. ಅದು ನುಣುಪು ಬಂಡೆಯ ಮೇಲೆ ಜಾರಿ, ಪಾಚಿಯಲ್ಲಿ ಇಂಗಿ, ಕೊನೆಗೆ ಒಂದು ಮಂಚದಷ್ಟು ಜಾಗದಲ್ಲಿ ಮಾತ್ರ ಜಲ್ಲಿಯ ಮೇಲೆ ಹರಿದು ಕೆರೆಗೆ ಬೀಳುತ್ತದೆ. “ಇದು ತೊಟ್ಟಿಲು, ಅದೂ ತೊಟ್ಟಿಲೇ, ಅದರಲ್ಲಿ ಜಾಗವಿದೆ” ಎಂದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಉಪಮೆ ಅದು.

ಟ್ರೌಟ್ ನಿಂತ ನೀರಿನಲ್ಲಿ ಬದುಕಿದರೂ ಸಾಮಾನ್ಯವಾಗಿ ಮೊಟ್ಟೆಯಿಡುವುದಕ್ಕೆ ಹರಿಯುವ ನೀರನ್ನೇ ಹುಡುಕುತ್ತದೆ. ಶರತ್ಕಾಲದಲ್ಲಿ ತೊರೆ ಹತ್ತಿ, ಹೆಣ್ಣು ಬಾಲದಿಂದ ಜಲ್ಲಿಯನ್ನು ಬಡಿದು ಗುಳಿ ಮಾಡಿ, ಮೊಟ್ಟೆಯಿಟ್ಟು, ಮೇಲೆ ಮತ್ತೆ ಜಲ್ಲಿ ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ನೀರಾಡುತ್ತಾ ಇದ್ದರೆ ಮಾತ್ರ ಮೊಟ್ಟೆಗೆ ಉಸಿರು. ಮೊಟ್ಟೆ ಒಡೆಯಲು ಬೇಕಾದ ಕಾಲವನ್ನು ದಿನಗಳ ಲೆಕ್ಕಕ್ಕಿಂತ ಶಾಖದ ಲೆಕ್ಕದಲ್ಲಿ ಹೇಳುತ್ತಾರೆ, ನೀರು 4 ಡಿಗ್ರಿ ಇದ್ದರೆ ಸುಮಾರು ನೂರು ದಿನ. ಜಲ್ಲಿ ಹಾಸು ವಿಸ್ತಾರವಾಗಿದ್ದಲ್ಲಿ ಮರಿಗಳು ಲೆಕ್ಕವಿಲ್ಲದಷ್ಟು ಉಳಿಯುತ್ತವೆ, ಎಲ್ಲವೂ ಅದೇ ಬಡ ಕೆರೆಗೆ ಇಳಿದು ಇದ್ದಷ್ಟನ್ನೇ ಹಂಚಿಕೊಂಡು ಗೇಣುದ್ದದಲ್ಲಿ ನಿಂತುಬಿಡುತ್ತವೆ. ಜಾಗ ಮಂಚದಷ್ಟಿದ್ದಲ್ಲಿ ಒಂದು ಹೆಣ್ಣು ಅಗೆದದ್ದನ್ನು ಇನ್ನೊಂದು ಹೆಣ್ಣು ಕೆದಕಿ ಹಾಕುತ್ತದೆ, ಮಳೆಯಿಲ್ಲದ ವರ್ಷ ಆ ಜಾಗವೂ ಬತ್ತುತ್ತದೆ, ಉಳಿದ ಕೆಲವೇ ಮರಿಗಳ ಪಾಲಿಗೆ ಇಡೀ ಕೆರೆ ಬರುತ್ತದೆ. ಅವು ಮೊಳದುದ್ದ ಬೆಳೆಯುತ್ತವೆ. ನೂಲಿನಂತೆ ಸೀರೆ ಎಂಬ ಗಾದೆಯನ್ನು ತೊರೆಯಂತೆ ಕೆರೆ ಎಂದು ತಿದ್ದಿಕೊಳ್ಳಬಹುದೆಂದು ನನಗೆ ಹೊಳೆದದ್ದು ಆ ದಿನ, ಆದರೆ ಇಲ್ಲಿ ತಿರುವುಮುರುವು ನಂಟು: ಸಮೃದ್ಧ ತೊರೆಗೆ ಸಣಕಲು ಮಕ್ಕಳು.

ಕಲ್ಲು ಬೇರೆಯಾದರೆ ಈ ಲೆಕ್ಕವೂ ಬದಲಾಗುತ್ತದೆ. ಅಸಿಂಟ್‌ನಲ್ಲಿಯೇ ಇಂಚ್‌ನಡಂಫ್ ಎಂಬಲ್ಲಿ ಸುಣ್ಣಕಲ್ಲಿನ ಪಟ್ಟಿಯೊಂದು ಮೇಲೆದ್ದಿದೆ, ಅಲ್ಲಿಂದ ಬೆಟ್ಟದ ಕಡೆಗೆ ನಡೆದರೆ ಗಿಲರೂ ಲಾಖ್ ಎಂದು ಎಲ್ಲರೂ ಕರೆಯುವ ಸರೋವರ ಸಿಗುತ್ತದೆ. ಸುಣ್ಣವಿರುವ ನೀರಿನಲ್ಲಿ ಬಸವನಹುಳುವಿಗೆ ಚಿಪ್ಪು ಕಟ್ಟಲು ಸಾಧ್ಯ, ಅವನ್ನು ತಿನ್ನುವ ಟ್ರೌಟ್ ದುಂಡಗೆ ಬೆಳೆಯುತ್ತದೆ. ಇನ್ನೂ ಉತ್ತರಕ್ಕೆ, ಕಡಲಂಚಿನ ಡರ್ನೆಸ್‌ನ ಸುಣ್ಣಕಲ್ಲಿನ ಸರೋವರಗಳು ದೊಡ್ಡ ಟ್ರೌಟ್‌ಗಳಿಗೆ ಹೆಸರಾದವು. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಗಾಜಿನಷ್ಟು ತಿಳಿಯಾದ ಆ ನೀರಿನಲ್ಲಿ ಮೀನು ನನ್ನನ್ನು ನೋಡಿತು, ನಾನು ಮೀನನ್ನು ನೋಡಿದೆ, ವ್ಯವಹಾರ ಅಲ್ಲಿಗೇ ಮುಗಿಯಿತು.

ಸ್ಕಾಟ್ಲೆಂಡಿನಲ್ಲಿ ಗುಡ್ಡದಲ್ಲಿ ಎಲ್ಲಿ ಬೇಕಾದರೂ ಓಡಾಡುವ ಹಕ್ಕನ್ನು 2003ರ ಭೂಸುಧಾರಣಾ ಕಾಯ್ದೆ ಎಲ್ಲರಿಗೂ ಕೊಟ್ಟಿದೆ, ಆದರೆ ಮೀನು ಹಿಡಿಯುವುದು ಆ ಹಕ್ಕಿಗೆ ಸೇರಿಲ್ಲ. ನೀರಿನ ಒಡೆಯರ ಅನುಮತಿ ಬೇಕು. ನಾನು ಹೋಗುವ ಕಡೆ ಆ ಒಡೆಯರು ಸಣ್ಣ ಹಿಡುವಳಿದಾರರೇ ಎಂಬುದು ನನಗೆ ಸಂತೋಷದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕುರಿ ಮೇಯಿಸುವ ಲಾಭಕ್ಕಾಗಿ ಅಸಿಂಟ್ ಸೇರಿದ ಸದರ್ಲೆಂಡಿನ ಒಳನಾಡಿನ ಒಕ್ಕಲುಗಳನ್ನು ಎಬ್ಬಿಸಿ ಕಡಲಂಚಿಗೆ ದೂಡಲಾಗಿತ್ತು. ಅಂಥ ಒಕ್ಕಲುಗಳ ಮುಂದಿನ ತಲೆಮಾರಿನವರು ಅಸಿಂಟ್ ಕ್ರಾಫ್ಟರ್ಸ್ ಟ್ರಸ್ಟ್ ಕಟ್ಟಿಕೊಂಡು 1993ರಲ್ಲಿ ಉತ್ತರ ಅಸಿಂಟ್‌ನ ಸುಮಾರು 21,000 ಎಕರೆಯನ್ನು 3 ಲಕ್ಷ ಪೌಂಡಿಗೆ ಕೊಂಡರು. ನಡೆಯುವ ದಾರಿಯಲ್ಲಿ ಗೋಡೆಯ ಬುಡ ಮಾತ್ರ ಉಳಿದ ಹಳೆಯ ಮನೆಗಳ ಗುರುತು ಸಿಗುತ್ತದೆ. ಹೆದರ್‌ನ ನಡುವೆ ಹಠಾತ್ತನೆ ಹಸಿರು ಹುಲ್ಲು ಕಂಡರೆ ಅಲ್ಲಿ ಯಾರೋ ಉತ್ತು ಗೊಬ್ಬರ ಹಾಕಿದ್ದರೆಂದು ಅರ್ಥ.

ಕಾಡು ಮೀನು, ಯಾರೂ ತಂದು ಬಿಡದ ಮೀನು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಅದೂ ಪೂರ್ತಿ ಸತ್ಯವಲ್ಲ. ಜಲಪಾತದ ಮೇಲಿರುವ ಕೆಲವು ಸರೋವರಗಳಿಗೆ ಮೀನು ತಾನಾಗಿ ಹತ್ತಿರಲು ಸಾಧ್ಯವಿಲ್ಲ, ಯಾರೋ ಡಬ್ಬಿಯಲ್ಲಿ ಹೊತ್ತು ತಂದಿರಬೇಕು. ಸ್ಕಾಟ್ಲೆಂಡಿನ ಟ್ರೌಟ್ ಮೊಟ್ಟೆಗಳು ಹಡಗು ಹತ್ತಿ 1900ರ ಹೊತ್ತಿಗೆ ಕಾಶ್ಮೀರದವರೆಗೂ ಹೋದವು. ಹಾಗಿದ್ದರೂ ರಸ್ತೆ ಪಕ್ಕದ ಕೊಳಗಳಲ್ಲಿ ಗುಳಿಗೆ ತಿನ್ನಿಸಿ ಬೆಳೆಸಿದ ರೇನ್‌ಬೋ ಟ್ರೌಟ್‌ಗಳನ್ನು ಹಣ ಕೊಟ್ಟು ಹಿಡಿಯುವುದರಲ್ಲಿ ನನಗೆ ರುಚಿಯಿಲ್ಲ. ಅವು ಎರಡು ಕಿಲೋ ತೂಗಬಹುದು, ಆ ತೂಕ ಚೀಲದಿಂದ ಬಂದದ್ದು. ನನ್ನ ಮೊದಲ ಕೆರೆಯ ಗೇಣುದ್ದದ ಮೀನಿನಲ್ಲಿ ಆ ಕಲ್ಲು, ಆ ಜವುಗು, ಆ ತೊರೆಯ ಅಗಲ ಎಲ್ಲದರ ಲೆಕ್ಕವೂ ಇದೆ.

ಕಂದು ಟ್ರೌಟ್ ಹಿಡಿಯುವ ಕಾಲ ಮಾರ್ಚ್ 15ಕ್ಕೆ ತೆರೆದು ಅಕ್ಟೋಬರ್ 6ಕ್ಕೆ ಮುಚ್ಚುತ್ತದೆ. ಕಾನೂನು ಹಾಗಿದೆ, ಕಾರಣವೂ ಸ್ಪಷ್ಟ. ನಾನು ಮಾತ್ರ ಸೆಪ್ಟೆಂಬರ್ ಕೊನೆಯಲ್ಲಿಯೇ ತೊರೆ ಸೇರುವ ಮೂಲೆಗೆ ಎಸೆಯುವುದನ್ನು ಬಿಟ್ಟಿದ್ದೇನೆ. ಒಂದು ಸಂಜೆ ಅಲ್ಲಿ ಎಸೆದ ಎಸೆತಕ್ಕೆಲ್ಲ ಮೀನು ಬಿದ್ದಿತ್ತು, ಐದನೆಯದನ್ನು ಬಿಡಿಸುವಾಗ ಅದರ ಹೊಟ್ಟೆಯಿಂದ ನಾಲ್ಕಾರು ಕಿತ್ತಳೆ ಬಣ್ಣದ ಮೊಟ್ಟೆಗಳು ನನ್ನ ಅಂಗೈ ಮೇಲೆ ಉದುರಿದವು. ಮೀನುಗಳು ತೊರೆಯ ಬಾಯಲ್ಲಿ ಮಳೆಗಾಗಿ ಕಾದು ಗುಂಪುಗೂಡಿದ್ದವು. ಅಷ್ಟು ಹೊತ್ತು ನಾನು ಅದನ್ನು ನನ್ನ ಕೈಚಳಕವೆಂದುಕೊಂಡಿದ್ದೆ.

ಕಳೆದ ಅಕ್ಟೋಬರ್ ಕೊನೆಯ ವಾರ, ಎರಡು ದಿನ ಮಳೆ ಸುರಿದ ಮೇಲೆ, ಕೋಲನ್ನು ಮನೆಯಲ್ಲಿಯೇ ಬಿಟ್ಟು ಹೋದೆ. ಬಡಗಿ ಮಾಸ್ತರರಿಗೆ ಈಗ ಅಷ್ಟು ದೂರ ನಡೆಯಲಾಗದು, ಒಬ್ಬನೇ ಹೋಗಿದ್ದೆ. ದೂರದ ಇಳಿಜಾರಿನಲ್ಲಿ ಗಂಡು ಜಿಂಕೆಯೊಂದು ಕೂಗುತ್ತಿತ್ತು. ಮೊದಲನೆಯ ಕೆರೆಯನ್ನು ದಾಟಿ ನೇರವಾಗಿ ಎರಡನೆಯದರ ಮಂಚದಗಲದ ಜಲ್ಲಿಯ ಬಳಿಗೆ ಹೋಗಿ, ಒದ್ದೆ ಹೆದರ್ ಮೇಲೆ ಹೊಟ್ಟೆ ಹಾಕಿ ಮಲಗಿದೆ. ಬಹಳ ಹೊತ್ತು ಬರೀ ನೀರು. ಆಮೇಲೆ ಕಲ್ಲೆಂದುಕೊಂಡಿದ್ದುದು ಪಕ್ಕಕ್ಕೆ ವಾಲಿ ಬಾಲ ಬಡಿಯಿತು, ಜಲ್ಲಿ ಕದಡಿದ ಸದ್ದು ನೀರಿನ ಮೇಲೆಯೂ ಕೇಳಿಸಿತು. ಮೊಳಕ್ಕಿಂತ ಉದ್ದದ ಹೆಣ್ಣು, ಬೆನ್ನಿನ ರೆಕ್ಕೆ ನೀರಿನಿಂದ ಹೊರಗೆ ಚಾಚಿತ್ತು, ಅಷ್ಟು ತೆಳುವಾಗಿತ್ತು ಆ ನೀರು. ಅದರ ಹಿಂದೆ ಕೆಳದವಡೆ ಕೊಕ್ಕೆಯಂತೆ ಬಾಗಿದ ಗಂಡು. ಅದಕ್ಕೂ ಹಿಂದೆ, ಬಂಡೆಯ ಮರೆಯಲ್ಲಿ, ಬೆರಳುದ್ದದ ಇನ್ನೊಂದು ಗಂಡು ಸಂದು ಸಿಕ್ಕರೆ ನುಗ್ಗಲು ಕಾಯುತ್ತಿತ್ತು. ಕೈ ಚಾಚಿದ್ದರೆ ಮೂರನ್ನೂ ಬುಟ್ಟಿಯಲ್ಲಿ ಮೊಗೆಯಬಹುದಿತ್ತು. ಅಜ್ಜಯ್ಯನಾಗಿದ್ದರೆ ಕೂಣಿಯನ್ನು ಎಲ್ಲಿ ಒಡ್ಡುತ್ತಿದ್ದರೆಂದು ನೋಡಿದೆ, ಎರಡು ಬಂಡೆಗಳ ನಡುವೆ ಅದಕ್ಕೆಂದೇ ಮಾಡಿದಂಥ ಜಾಗವಿತ್ತು. ಬೆಳಕು ಇಳಿದು ಜಲ್ಲಿಯೂ ಮೀನೂ ಒಂದೇ ಬಣ್ಣವಾಗುವವರೆಗೆ ಹೆಣ್ಣು ಅಗೆಯುತ್ತಲೇ ಇತ್ತು. ಎದ್ದಾಗ ಎದೆಯಿಂದ ಮೊಣಕಾಲಿನವರೆಗೆ ಬಟ್ಟೆ ತೊಯ್ದುಹೋಗಿತ್ತು, ಕಾರಿನವರೆಗೆ ಎರಡು ಗಂಟೆಯ ದಾರಿ ಬಾಕಿ ಇತ್ತು.